ಏಳನೆಯ ಹಾಡಿನ ಜಾಗದಲ್ಲಿ

ಆಲ್ಬಮ್ಮಿನ ಮುಖಪುಟದ ಫೋಟೋದಲ್ಲಿ ಅವನ ಪಾದಗಳು ಅವನಿಗೇ ಅಸಹ್ಯವಾಗಿ ಕಂಡವು. ನಲವತ್ತೊಂದು ವರ್ಷ ಬೂಟಿನೊಳಗೆ ಬಚ್ಚಿಟ್ಟುಕೊಂಡಿದ್ದ ಪಾದಗಳು. ಹೆಬ್ಬೆರಳ ಉಗುರು ಹಳದಿ. ಕಿರುಬೆರಳು ಪಕ್ಕದ ಬೆರಳಿನ ಅಡಿಗೆ ನುಸುಳಿ ಮುಖ ಮರೆಸಿಕೊಂಡಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಬರಿಗಾಲು’ ಎಂಬ ಶೀರ್ಷಿಕೆ, ಅದರ ಕೆಳಗೆ ಅವನ ಹೆಸರು. ಬ್ಯಾಂಡಿನ ಹೆಸರಿಲ್ಲದೆ ಅದು ಮೊದಲ ಬಾರಿಗೆ ಒಂಟಿಯಾಗಿ, ಸ್ವಲ್ಪ ಪೆದ್ದುಪೆದ್ದಾಗಿ ನಿಂತಿತ್ತು. ಬೂಟು ಬಿಚ್ಚಲು ಹೇಳಿದವನು ಫೋಟೋಗ್ರಾಫರ್. ದೇವರ ಮುಂದೆ ಏನೂ ಮುಚ್ಚಿಡದೆ ನಿಂತ ಮನುಷ್ಯ ಅನ್ನೋ ಭಾವ ಬರಬೇಕು ಬ್ರದರ್ ಎಂದು ಹೇಳಿ, ಭಾವ ಸಾಲದಾದಾಗ ಕಿಟಕಿಯ ಹೂಕುಂಡದಿಂದ ಒಂದು ಹಿಡಿ ಮಣ್ಣು ತೆಗೆದು ಪಾದಗಳಿಗೆ ಬಳಿದಿದ್ದ. ಗೊಬ್ಬರ ಹಾಕಿದ ಮಣ್ಣು. ಎರಡು ದಿನ ಕಾರಿನಲ್ಲೆಲ್ಲ ಅದರ ವಾಸನೆ. ಏನೂ ಮುಚ್ಚಿಡದ ಮನುಷ್ಯ ಎರಡು ದಿನ ಕಾರಿನ ಗಾಜು ಇಳಿಸಿಕೊಂಡು ಓಡಾಡಿದ್ದ.

‘ಏನ್ ಚೆನ್ನಾಗಿ ಬಂದಿದೆ ಬ್ರದರ್, ಆಮೆನ್!’ ಎಂದ ನಿರ್ಮಾಪಕ, ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತ. ಎಲ್ಲದಕ್ಕೂ ಆಮೆನ್ ಎನ್ನುವ ಚಾಳಿಯಿಂದ ಈ ಮನುಷ್ಯನಿಗೆ ಆಮೆನ್ ಎಂಬ ಹೆಸರೇ ಬಿದ್ದಿತ್ತು. ಕಾಫಿ ಬಂದರೆ ಆಮೆನ್, ವಾಹನ ನಿಲ್ಲಿಸಲು ಜಾಗ ಸಿಕ್ಕರೆ ಆಮೆನ್. ಅವನ ಸ್ಟುಡಿಯೋ ಇದ್ದದ್ದು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ. ಮೇಲೆ ಡ್ರಿಲ್ ಶುರುವಾದಾಗಲೆಲ್ಲ ಕೆಳಗೆ ದೇವರ ಸ್ತುತಿ ನಿಲ್ಲಬೇಕು. ಯಾರದೋ ದವಡೆ ಹಲ್ಲು ಮುಗಿಯುವವರೆಗೆ ಎಲ್ಲರೂ ಮಾತಿಲ್ಲದೆ ಕೂತು ಚಾವಣಿ ನೋಡಬೇಕು. ಯಂತ್ರದ ಮುಂದೆ ಕೂತು ಧ್ವನಿ ಹಿಡಿಯುವ ಹೆಂಗಸು ಮಾತ್ರ ಆ ಹೊತ್ತಿನಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು. ಐವತ್ತು ದಾಟಿದವಳು, ದೇವರ ಗೋಜಿಗೆ ಹೋದವಳಲ್ಲ, ಮಾತು ಕಡಿಮೆ. ಈ ಆಲ್ಬಮ್ಮಿನ ಹನ್ನೊಂದು ಹಾಡು ಮುಗಿಯುವಷ್ಟರಲ್ಲಿ ಅವಳ ಸ್ವೆಟರಿಗೆ ಎರಡು ತೋಳು ಬಂದಿದ್ದವು. ಹಾಡುಗಳಿಗಿಂತ ಆ ತೋಳುಗಳೇ ಹೆಚ್ಚು ಗಟ್ಟಿಯಾಗಿವೆ ಎಂದು ಅವನಿಗೆ ಅನಿಸುತ್ತಿತ್ತು.

ಉಳಿದದ್ದು ಒಂದೇ, ಏಳನೆಯದು. ಅದು ಹಾಡಲ್ಲ. ಗೋಡೆಯ ಮೇಲಿನ ಪಟ್ಟಿಯಲ್ಲಿ ಆರರ ಕೆಳಗೆ, ಎಂಟರ ಮೇಲೆ, ಆಮೆನ್‌ನ ದುಂಡು ಅಕ್ಷರದಲ್ಲಿ ‘ಸಾಕ್ಷಿ’ ಎಂದು ಬರೆದಿತ್ತು. ಬ್ಯಾಂಡಿನ ಹದಿನೇಳು ವರ್ಷದಲ್ಲಿ ಅದು ತಪ್ಪಿದ ಕಾರ್ಯಕ್ರಮವೇ ಇರಲಿಲ್ಲ. ಮೂರನೆಯ ಹಾಡು ಮುಗಿಯಬೇಕು, ದೀಪಗಳು ಇಳಿಯಬೇಕು, ಗಿಟಾರಿನಲ್ಲಿ ಎರಡೇ ಸ್ವರ ಅತ್ತಿಂದಿತ್ತ ಆಡಬೇಕು, ಆಗ ಬ್ರದರ್ ಕಣ್ಣುಮುಚ್ಚಿ ತಾನು ಎಂಥ ನರಕದಿಂದ ಎದ್ದು ಬಂದೆನೆಂದು ಹೇಳಬೇಕು. ‘ನಮ್ಮಪ್ಪ ಕುಡುಕ. ಅಪ್ಪ ಬಾಗಿಲು ತೆಗೆಯೋ ಮೊದಲೇ ಆ ವಾಸನೆ ಒಳಗೆ ಬರ್ತಿತ್ತು. ಅಮ್ಮ ನನ್ನನ್ನ ಮೇಜಿನ ಕೆಳಗೆ ಕೂರಿಸ್ತಿದ್ದಳು. ಒಂದಿನ ಅಮ್ಮನ ನೀಲಿ ಕಪ್ಪನ್ನ ಗೋಡೆಗೆ ಎಸೆದ. ಚೂರು ಆರಿಸ್ತಾ ಆರಿಸ್ತಾ ನಾನು ದೇವರನ್ನ ಕರೆದೆ.’ ಇಲ್ಲಿ ನಾಲ್ಕು ಎಣಿಸುವಷ್ಟು ಮೌನ. ಮೂರಕ್ಕೆ ಶುರು ಮಾಡಿದರೆ ಜನ ಅಳುವುದಿಲ್ಲ, ಐದಕ್ಕೆ ಹೋದರೆ ಕೆಮ್ಮುತ್ತಾರೆ. ನಾಲ್ಕೇ. ಆಮೇಲೆ ‘ಆತ ಬಂದ’ ಎನ್ನಬೇಕು, ಆಗ ಡ್ರಮ್ಮು. ಡ್ರಮ್ಮರಿಗೆ ಇದೆಲ್ಲ ಅಡುಗೆಯವನಿಗೆ ಉಪ್ಪಿನ ಅಳತೆ ಗೊತ್ತಿರುವ ಹಾಗೆ ಗೊತ್ತಿತ್ತು. ಬ್ಯಾಂಡ್ ಬಿಡುತ್ತೇನೆಂದ ದಿನ ಆ ಡ್ರಮ್ಮರ್ ನಕ್ಕುಬಿಟ್ಟಿದ್ದ. ‘ನಿನ್ನ ಹಾಡು ಕೇಳಕ್ಕೆ ಯಾರ್ ಬರ್ತಾರೆ ಅನ್ಕೊಂಡಿದೀಯ? ನಿಮ್ಮಪ್ಪ ಕುಡಿದಿದ್ದಕ್ಕೆ ನಾವೆಲ್ಲ ಇಷ್ಟು ವರ್ಷ ಊಟ ಮಾಡಿದೀವಿ ಕಣೋ. ಅವರಿಗೆ ಥ್ಯಾಂಕ್ಸ್ ಹೇಳು.’

ಅಪ್ಪ ಒಂದು ಹನಿ ಕುಡಿದವರಲ್ಲ. ಅಪ್ಪ ಪಿಯಾನೋ ಶ್ರುತಿ ಮಾಡುವವರು, ಹಳೆಯ ಪಿಯಾನೋಗಳ ಮರಕ್ಕೆ ಪಾಲಿಶ್ ಹಾಕುವವರು. ಮನೆಗೆ ಬರುವಾಗ ಅವರ ಅಂಗಿಯಿಂದ, ಕೈಯಿಂದ, ಕೂದಲಿನಿಂದ ಸ್ಪಿರಿಟ್ ಬೆರೆಸಿದ ಅರಗಿನ ಪಾಲಿಶಿನ ಘಾಟು ಬರುತ್ತಿತ್ತು. ಅಷ್ಟೇ. ಹದಿನೇಳು ವರ್ಷದ ಹಿಂದೆ ಯುವಕರ ಶಿಬಿರದಲ್ಲಿ ಒಂದು ಮಧ್ಯಾಹ್ನ ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ತಮ್ಮ ತಮ್ಮ ಪತನ ಹೇಳಬೇಕೆಂದಾಗ ಅವನ ಎಡಕ್ಕೆ ಕೂತವನು ಜೈಲಿನಿಂದ ಬಂದಿದ್ದ, ಬಲಕ್ಕಿದ್ದವಳ ಮುಂಗೈಯಲ್ಲಿ ಸೂಜಿಯ ಗುರುತುಗಳಿದ್ದವು. ಅವನ ಬದುಕು ಸುಲಿದ ಮೊಟ್ಟೆಯಷ್ಟು ನುಣ್ಣಗಿತ್ತು. ಕೆಟ್ಟೇ ಇರದವನನ್ನು ಉದ್ಧಾರ ಮಾಡುವುದಾದರೂ ಹೇಗೆ? ಸರದಿ ಬಂತು, ಎಲ್ಲರೂ ಅವನ ಬಾಯಿ ನೋಡುತ್ತಿದ್ದರು, ಅವನಿಗೆ ಮರ್ಯಾದೆ ಹೋಗುತ್ತದೆ ಅನಿಸಿತು. ‘ನಮ್ಮಪ್ಪ ಬಾಗಿಲು ತೆಗೆಯೋ ಮೊದಲೇ ವಾಸನೆ ಬರ್ತಿತ್ತು’ ಎಂದ. ಅಷ್ಟು ನಿಜವಾಗಿತ್ತು. ಪಾಲಿಶ್ ವಾಸನೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸೂಜಿಯ ಗುರುತಿನವಳು ಅವನ ಕೈಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಯಾರೂ ಅವನಿಗಾಗಿ ಹಾಗೆ ಅತ್ತಿರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿಕೊಂಡ. ಮುಂದಿನ ವಾರ ಮೇಜು ಬಂತು, ಮುಂದಿನ ತಿಂಗಳು ಕಪ್ ಬಂತು.

ಕಪ್ ಒಡೆದದ್ದು ನಿಜ. ಒಡೆದವನು ಅವನೇ, ಒಂಬತ್ತನೆಯ ವಯಸ್ಸಿನಲ್ಲಿ, ಮನೆಯೊಳಗೆ ಆಡಬೇಡವೆಂದಿದ್ದ ಚೆಂಡಿನಿಂದ. ಅಜ್ಜಿ ಅಮ್ಮನಿಗೆ ಕೊಟ್ಟ ಆರು ನೀಲಿ ಕಪ್ಪುಗಳಲ್ಲಿ ಉಳಿದಿದ್ದ ಕೊನೆಯದು. ಅವನು ಮೇಜಿನ ಕೆಳಗೆ ತಾನಾಗಿಯೇ ಹೋಗಿ ಕೂತಿದ್ದ. ಅಮ್ಮನ ಚಪ್ಪಲಿಗಳು ಬಂದು ಚೂರುಗಳ ಪಕ್ಕ ನಿಂತವು, ಆಮೇಲೆ ಅಪ್ಪನ ಪಾಲಿಶ್ ಕಲೆಯ ಬೂಟುಗಳು ಬಂದು ಎದುರು ನಿಂತವು. ‘ಆ ನೀಲಿ ಕಪ್ ಒಡೆದಿದ್ದು ನಾನೇ. ಕೈ ಜಾರ್ತು’ ಎಂದರು ಅಪ್ಪ. ಹವಾಮಾನದ ಬಗ್ಗೆ ಹೇಳುವ ಹಾಗೆ, ಯಾವ ಏರಿಳಿತವೂ ಇಲ್ಲದೆ. ಅಮ್ಮ ಇಡೀ ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪ ಮೇಜಿನ ಕೆಳಕ್ಕೆ ಬಗ್ಗಿ ನೋಡಲೂ ಇಲ್ಲ, ಆಮೇಲೆ ಎಂದೂ ಆ ಮಾತು ಎತ್ತಲೂ ಇಲ್ಲ.

‘ಅಂಕಲ್ ಹನ್ನೊಂದಕ್ಕೆ ಬರ್ತಾರೆ ಅಲ್ವಾ?’ ಎಂದ ಆಮೆನ್. ಹಾಡಿ ಮುಗಿಸಿದ್ದ ಕೊನೆಯ ಹಾಡಿಗೆ ಕಾಲಲ್ಲಿ ತುಳಿದು ನುಡಿಸುವ ಹಳೆಯ ಹಾರ್ಮೋನಿಯಂ ಸೇರಿಸುವುದು ಬಾಕಿಯಿತ್ತು. ಅದನ್ನು ನುಡಿಸಬಲ್ಲವರು ಅಪ್ಪ ಒಬ್ಬರೇ. ಅವನಿಗೆ ಬೇಡವಾಗಿತ್ತು, ಆಮೆನ್ ತಾನೇ ಫೋನು ಮಾಡಿ ಕರೆದಿದ್ದ. ‘ಏಳನೇದನ್ನ ಇವತ್ತೇ ಮುಗಿಸೋಣ ಬ್ರದರ್. ನೀವೇನೋ ಅದು ಬೇಡ ಅಂತಿದ್ರಿ...’

‘ಬೇಡ’ ಎಂದ ಅವನು.

‘ಯಾಕೆ ಬೇಡ? ಜನ ಅದಕ್ಕೇ ಕಾಯ್ತಾರೆ. ಬರಿಗಾಲು ಅಂತ ಹೆಸರಿಟ್ಕೊಂಡು ಸಾಕ್ಷಿ ಇಲ್ಲ ಅಂದ್ರೆ ಹೇಗೆ?’

ಇದೇ ಸಮಯ, ಹೇಳಿಬಿಡು, ಎಂದುಕೊಂಡ. ಬ್ಯಾಂಡ್ ಬಿಟ್ಟದ್ದೇ ಇದಕ್ಕೆ. ಕಲೆಯ ಕಾರಣಗಳು ಎಂದು ಸಂದರ್ಶನದಲ್ಲಿ ಹೇಳಿದ್ದೆಲ್ಲ ಬೊಗಳೆ. ಒಬ್ಬನೇ ಮಾಡುವ ಈ ಮೊದಲ ಆಲ್ಬಮ್ಮಿನಲ್ಲಾದರೂ ಅಪ್ಪನನ್ನು ಕುಡುಕ ಎನ್ನದೆ ಹನ್ನೊಂದು ಹಾಡು ಹಾಡಿ ಮುಗಿಸಬೇಕೆಂಬುದೊಂದೇ ಆಸೆ. ಅಪ್ಪನಿಗೆ ಎಪ್ಪತ್ತಾರು. ಇನ್ನು ತಡಮಾಡಿದರೆ ಸರಿಪಡಿಸಿ ಪ್ರಯೋಜನವಿಲ್ಲ. ‘ಅದು ನಿಜ ಅಲ್ಲ’ ಎಂಬ ಮೂರು ಮಾತು ನಾಲಿಗೆಯ ತುದಿಗೆ ಬಂತು. ಮೇಲೆ ಡ್ರಿಲ್ ಶುರುವಾಯಿತು. ಆಮೆನ್ ತುಟಿಯ ಮೇಲೆ ಬೆರಳಿಟ್ಟು ಚಾವಣಿ ನೋಡಿದ, ಹೆಂಗಸು ಸ್ವೆಟರ್ ಎತ್ತಿಕೊಂಡಳು. ಡ್ರಿಲ್ ನಿಲ್ಲುವಷ್ಟರಲ್ಲಿ ಆ ಮೂರು ಮಾತು ಬಂದ ದಾರಿಯಲ್ಲೇ ವಾಪಸು ಹೋಗಿದ್ದವು, ಅವನಿಗೆ ಸಮಾಧಾನವಾಯಿತು. ಆ ಸಮಾಧಾನದ ಮೇಲೆ ಅಸಹ್ಯ ಬಂತು. ಹಲ್ಲಿನ ಡಾಕ್ಟರರನ್ನು ನಂಬಿ ಬದುಕುವ ಪ್ರಾಣಿ!

ಅಪ್ಪ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಟೈ, ಎಡಗಿವಿಯಲ್ಲಿ ಶ್ರವಣಯಂತ್ರ, ಕೈಯಲ್ಲಿ ಶ್ರುತಿಯ ಕೀಲಿಗಳ ಚರ್ಮದ ಚೀಲ. ಯಾರೂ ಕೇಳದಿದ್ದರೂ ಮೂಲೆಯ ಪಿಯಾನೋದ ಮುಚ್ಚಳ ಎತ್ತಿ ಎರಡು ಸ್ವರ ಒಟ್ಟಿಗೆ ಒತ್ತಿ ತಲೆ ಓರೆ ಮಾಡಿ ಕೇಳಿದರು. ಆ ಓರೆತಲೆಯನ್ನು ನೋಡಿದಾಗಲೆಲ್ಲ ಅವನಿಗೆ ಹಿಂದೆ ನಾಚಿಕೆಯಾಗುತ್ತಿತ್ತು, ಗೆಳೆಯರ ಮನೆಗೆ ಪಿಯಾನೋ ರಿಪೇರಿಗೆ ಬಂದ ಅಪ್ಪ ಹಿಂಬಾಗಿಲಿನಿಂದ ಒಳಗೆ ಬಂದಿದ್ದ ದಿನದಿಂದ. ‘ಹನ್ನೆರಡು ಸ್ವರಾನೂ ಪೂರ್ತಿ ಸರಿ ಮಾಡಕ್ಕಾಗಲ್ಲ ಕಣೋ’ ಎನ್ನುತ್ತಿದ್ದರು ಆಗೆಲ್ಲ. ‘ತಪ್ಪು ಎಲ್ಲೋ ಒಂದು ಕಡೆ ಉಳಿದೇ ಉಳಿಯುತ್ತೆ. ಅದನ್ನ ಎಲ್ಲಾದಕ್ಕೂ ಸ್ವಲ್ಪ ಸ್ವಲ್ಪ ಹಂಚಿಬಿಡಬೇಕು, ಯಾರಿಗೂ ಗೊತ್ತಾಗದ ಹಾಗೆ.’ ಅದನ್ನೂ ಬಿಟ್ಟಿರಲಿಲ್ಲ ಅವನು. ಒಂಬತ್ತನೆಯ ಹಾಡಿನ ಪಲ್ಲವಿ ಅದೇ ಮಾತು, ಅದರಲ್ಲಿ ಹಂಚುವವನು ದೇವರಾಗಿದ್ದ. ಅಪ್ಪನ ಒಳ್ಳೆಯ ಮಾತೆಲ್ಲ ದೇವರ ಹೆಸರಿಗೆ ಹೋಗಿತ್ತು, ಅಪ್ಪನ ಪಾಲಿಗೆ ಬಾಟಲಿ.

ಅಪ್ಪನಿಗೆ ಗೊತ್ತಿಲ್ಲ ಎಂಬುದೊಂದೇ ಅವನ ಆಧಾರ. ಕಿವಿ ಮಂದ, ಗದ್ದಲದ ಸಂಗೀತ ಆಗಿಬರುವುದಿಲ್ಲ, ಒಂದು ಕಾರ್ಯಕ್ರಮಕ್ಕೂ ಬಂದವರಲ್ಲ. ಅಮ್ಮನಂತೂ ಎಲ್ಲ ಶುರುವಾಗುವ ಮೊದಲೇ ತೀರಿಕೊಂಡಿದ್ದಳು. ಆದರೆ ಚರ್ಚಿನಲ್ಲಿ? ಪ್ರಭುಭೋಜನದ ದಿನ ದ್ರಾಕ್ಷಾಮದ್ಯದ ಲೋಟಗಳ ತಟ್ಟೆ ಸಾಲಿನಲ್ಲಿ ಬರುತ್ತಿದ್ದಾಗ ಹಿರಿಯರೊಬ್ಬರು ಅಪ್ಪನ ಮುಂದೆ ಬಗ್ಗಿ, ಕುಡಿತ ಬಿಟ್ಟವರಿಗೆಂದು ಬೇರೆ ಇಟ್ಟಿರುವ ಬರಿಯ ಹಣ್ಣಿನ ರಸದ ಪುಟ್ಟ ಲೋಟ ಕೊಡುತ್ತಿದ್ದರು. ಹದಿನೇಳು ವರ್ಷದಿಂದ. ಬೆನ್ನು ತಟ್ಟಿ, ‘ಬಿಟ್ಟು ಎಷ್ಟು ವರ್ಷ ಆಯ್ತು?’ ಎಂದು ಯಾರೋ ಒಮ್ಮೆ ಕೇಳಿದ್ದು ಅವನ ಕಿವಿಗೇ ಬಿದ್ದಿತ್ತು. ‘ತುಂಬಾ ವರ್ಷ ಆಯ್ತು’ ಎಂದು ಅಪ್ಪ ನಕ್ಕಿದ್ದರು. ಏನು ಕೇಳಿದರೆಂದು ಅಪ್ಪನಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು ಅವನು ಅಂದುಕೊಂಡ. ಬೇರೆ ಲೋಟ ಸಕ್ಕರೆ ಕಾಯಿಲೆಗೆಂದು ತಿಳಿದಿರಬೇಕು ಎಂದುಕೊಂಡ. ಹಣ್ಣಿನ ರಸದಲ್ಲೇ ಸಕ್ಕರೆ ಹೆಚ್ಚೆಂಬುದು ಅವನಿಗೆ ಗೊತ್ತಿತ್ತು, ಆದರೂ ಹಾಗೇ ಅಂದುಕೊಂಡ.

ಮೆಟ್ಟಿಲ ಬುಡದ ಬೆಂಚಿಗೆ ಅಪ್ಪನನ್ನು ಕರೆದುಕೊಂಡು ಹೋದ. ಮೇಲಿನ ಕ್ಲಿನಿಕ್ಕಿನಿಂದ ಲವಂಗದೆಣ್ಣೆಯ ವಾಸನೆ ಇಳಿದು ಬರುತ್ತಿತ್ತು. ಕೆನ್ನೆ ಊದಿದ ಮುದುಕನೊಬ್ಬ ದಾರಿ ತಪ್ಪಿ ಅರ್ಧ ಮೆಟ್ಟಿಲು ಇಳಿದು, ಇವರನ್ನು ನೋಡಿ ವಾಪಸು ಹತ್ತಿದ. ‘ಅಪ್ಪ, ಒಂದು ವಿಷಯ’ ಎಂದ. ಅಪ್ಪ ಬಲಗಿವಿ ಹತ್ತಿರ ತಂದರು. ಅವರ ಮೈಯಿಂದ ಈಗಲೂ ಅದೇ ವಾಸನೆ. ‘ನಾನು ಸ್ಟೇಜ್ ಮೇಲೆ ಮಾತಾಡ್ತೀನಲ್ಲ...’

‘ಅದೇ, ನಾನೂ ಹೇಳ್ಬೇಕು ಅಂತಿದ್ದೆ’ ಎಂದರು ಅಪ್ಪ ಉತ್ಸಾಹದಿಂದ. ‘ಆ ಎರಡನೇ ಸಿ.ಡಿ. ಇದೆಯಲ್ಲ, ಜನರ ಮುಂದೆ ಹಾಡಿದ್ದು? ಅದರಲ್ಲಿ ಮೂರನೇ ಹಾಡು ಆದ್ಮೇಲೆ ನೀನು ಮಾತಾಡ್ತೀಯ ನೋಡು, ಅಷ್ಟೂ ಹೊತ್ತು ಗಿಟಾರಿನ ಎರಡನೇ ತಂತಿ ಇಳಿದಿದೆ ಕಣೋ. ಪ್ರತಿ ಸಲ ಕೇಳೋವಾಗ್ಲೂ ಅನ್ಕೋತೀನಿ, ಯಾರಾದ್ರೂ ಹೇಳಬಾರದಾ ಇವನಿಗೆ ಅಂತ.’

ಪ್ರತಿ ಸಲ. ಆ ಸಿ.ಡಿ. ಬಂದು ಹನ್ನೆರಡು ವರ್ಷವಾಗಿತ್ತು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಕಿವಿಯ ಯಂತ್ರ ಸರಿಮಾಡಿಕೊಂಡು ಕುರ್ಚಿಯಲ್ಲಿ ಒಬ್ಬರೇ ಕೂತು, ನಮ್ಮಪ್ಪ ಕುಡುಕ ಎಂದು ಮಗ ಹೇಳುವುದನ್ನು ಕೇಳುತ್ತ, ಎರಡನೆಯ ತಂತಿಗಾಗಿ ಮರುಗುವ ಅಪ್ಪ. ಕೋಪವಾದರೂ ಮಾಡಿಕೊಳ್ಳಬಾರದೇ ಈ ಮನುಷ್ಯ? ಒಂದು ಸಲ ಕೆನ್ನೆಗೆ ಬಾರಿಸಬಾರದೇ? ಹಾಗೆ ಬಾರಿಸುವ ಅಪ್ಪನಿದ್ದಿದ್ದರೆ ಸುಳ್ಳು ಹೇಳುವ ಅಗತ್ಯವೇ ಇರುತ್ತಿರಲಿಲ್ಲ ಎಂದು ಹೊಳೆದು ಒಂದು ಕ್ಷಣ ಅಪ್ಪನ ಮೇಲೆಯೇ ಸಿಟ್ಟು ಬಂತು, ತಪ್ಪೆಲ್ಲ ಅವರದೇ ಎಂಬ ಹಾಗೆ. ಕ್ಷಮಿಸು ಎನ್ನಬೇಕಿತ್ತು. ‘ತಂತಿ ಹಳೇದಾಗಿತ್ತು’ ಎಂದ.

‘ಅದೇ ಅನ್ಕೊಂಡೆ’ ಎಂದರು ಅಪ್ಪ.

ಅಷ್ಟರಲ್ಲಿ ಆಮೆನ್ ಕೈ ಉಜ್ಜುತ್ತ ಬಾಗಿಲಿಗೆ ಬಂದ. ಅವನಿಗೆ ಒಂದು ಯೋಚನೆ ಬಂದಿತ್ತು. ಪ್ರಾರ್ಥನೆಯಲ್ಲಿ ಬಂತು ಎಂದ, ಹತ್ತು ನಿಮಿಷದಿಂದ ಅವನು ಬಿಸ್ಕತ್ತು ತಿನ್ನುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ‘ಅಂಕಲ್, ತಪ್ಪು ತಿಳ್ಕೋಬೇಡಿ. ಬ್ರದರ್ ಸಾಕ್ಷಿ ಹೇಳೋದು ಎಲ್ಲರೂ ಕೇಳಿದಾರೆ. ಈ ಸಲ ನೀವೇ ಯಾಕೆ ಹೇಳಬಾರದು? ಆ ದಿನಗಳು... ನಿಮ್ಮ ಬಾಯಲ್ಲೇ. ನಾಲ್ಕೇ ನಾಲ್ಕು ಮಾತು. ಎಷ್ಟು ಮನೆ ಉಳಿಯುತ್ತೆ ಯೋಚಿಸಿ.’

ಅಪ್ಪ ಆಮೆನ್‌ನನ್ನು ನೋಡಲಿಲ್ಲ, ಮಗನನ್ನು ನೋಡಿದರು. ‘ನಿನಗೆ ಅನುಕೂಲ ಆಗುತ್ತಾ?’ ಎಂದು ಕೇಳಿದರು. ಕಾರು ಬೇಕಾ, ಛತ್ರಿ ಬೇಕಾ ಎಂದು ಕೇಳುವ ಧ್ವನಿ.

ಇಲ್ಲಪ್ಪ ಎಂದರೆ ಮುಗಿಯುತ್ತಿತ್ತು. ‘ನಿನಗೆ ಬೇಡಾಂದ್ರೆ ಬೇಡಪ್ಪ’ ಎಂದ ಅವನು. ಹೇಳುತ್ತಿದ್ದ ಹಾಗೆಯೇ ತನ್ನ ಜಾಣತನ ತನಗೇ ತಿಳಿಯಿತು. ಬೇಡವೆನ್ನುವ ಕೆಲಸವನ್ನೂ ಮುದುಕನ ತಲೆಗೇ ಕಟ್ಟಿ ಕೈ ತೊಳೆದುಕೊಂಡಿದ್ದ.

‘ನನಗೇನು’ ಎಂದರು ಅಪ್ಪ. ಚೀಲವನ್ನು ಬೆಂಚಿನ ಮೇಲಿಟ್ಟು ಟೈ ಸರಿಮಾಡಿಕೊಂಡು ಒಳಗೆ ಹೋದರು.

ಗಾಜಿನಾಚೆಯ ಕೋಣೆಯಲ್ಲಿ ಅಪ್ಪ ಮೈಕಿನ ಮುಂದೆ ಕೂತರು. ಈಚೆ ಯಂತ್ರದ ಮುಂದೆ ಹೆಂಗಸು, ಅವಳ ಹಿಂದೆ ಇವರಿಬ್ಬರು. ಗಾಜಿನಾಚೆಗೆ ಮಾತು ತಲುಪಬೇಕಾದರೆ ಈಚೆ ಒಂದು ಗುಂಡಿ ಒತ್ತಬೇಕು, ಇಲ್ಲದಿದ್ದರೆ ಎಷ್ಟು ಕೂಗಿದರೂ ಆಚೆಗೆ ಕೇಳದು. ಕೆಂಪು ದೀಪ ಹತ್ತಿತು. ಅಪ್ಪ ಗಂಟಲು ಸರಿಮಾಡಿಕೊಂಡರು. ‘ನಾನು ಕುಡುಕ ಆಗಿದ್ದೆ’ ಎಂದರು. ‘ನಾನು ಬಾಗಿಲು ತೆಗೆಯೋ ಮೊದಲೇ ಆ ವಾಸನೆ ಒಳಗೆ ಬರ್ತಿತ್ತು. ಇವನಮ್ಮ ಇವನನ್ನ ಮೇಜಿನ ಕೆಳಗೆ ಕೂರಿಸ್ತಿದ್ದಳು.’ ಅವನದೇ ವಾಕ್ಯಗಳು, ಅದೇ ಉಸಿರು, ಅದೇ ಇಳಿತ; ‘ಆ ವಾಸನೆ’ ಎನ್ನುವಲ್ಲಿ ಅವನು ಹಾಕುತ್ತಿದ್ದ ಒತ್ತು ಕೂಡ. ಶಾಲೆಯ ಮಗು ಪದ್ಯ ಒಪ್ಪಿಸುವ ಹಾಗೆ ಅಪ್ಪ ಕಣ್ಣುಮುಚ್ಚಿ ಒಪ್ಪಿಸುತ್ತಿದ್ದರು. ಬರಬೇಕಾದ ಕಡೆ ಮೌನ ಬಂತು. ಬೇಡವೆಂದರೂ ಅವನ ಮನಸ್ಸು ಎಣಿಸಿತು: ನಾಲ್ಕು. ‘ಆತ ಬಂದ’ ಎಂದು ಅಪ್ಪ ಕಣ್ಣು ತೆರೆದರು. ಗುಂಡಿ ಒತ್ತಿ ನಿಲ್ಲಿಸಬೇಕೆಂದು ಅವನಿಗೆ ಅನಿಸಿದ್ದು ನಿಜ. ಆದರೆ ಅದಕ್ಕಿಂತ ಒಂದು ಗಳಿಗೆ ಮೊದಲು, ಈ ಧ್ವನಿ ಚೆನ್ನಾಗಿದೆ, ಸ್ವಲ್ಪ ಪ್ರತಿಧ್ವನಿ ಸೇರಿಸಿದರೆ ಇನ್ನೂ ಚೆನ್ನಾಗಿರುತ್ತದೆ ಎಂದು ಅನಿಸಿದ್ದೂ ನಿಜ.

ಆಮೆನ್ ಅಳುತ್ತಿದ್ದ. ಬಿಸ್ಕತ್ತಿನ ಪುಡಿ ಹತ್ತಿದ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ‘ಆಮೆನ್, ಆಮೆನ್’ ಎನ್ನುತ್ತಿದ್ದ, ಬಹುಶಃ ಮೊದಲ ಬಾರಿಗೆ ಮನಸಾರೆ. ಹೆಂಗಸು ಅಳಲಿಲ್ಲ. ಸೂಜಿಗಳನ್ನು ತೊಡೆಯ ಮೇಲಿಟ್ಟು, ತಿರುಗಿ ನೋಡದೆ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: ‘ಹದಿನೆಂಟು ವರ್ಷ ಕುಡುಕನ ಜೊತೆ ಸಂಸಾರ ಮಾಡಿದೀನಿ. ಅವರು ಹೀಗೆ ಮಾತಾಡಲ್ಲ. ನೆಪ ಹೇಳ್ತಾರೆ, ನಮ್ಮನ್ನೇ ಬೈತಾರೆ, ಅರ್ಧ ಮರೆತಿರ್ತಾರೆ. ನಿಮ್ಮಪ್ಪ ಪಾಠ ಒಪ್ಪಿಸ್ತಿದಾರೆ.’ ಅವಳ ಬೆರಳು ಯಂತ್ರದ ಒಂದು ಕೀಲಿಯ ಮೇಲೆ ಹೋಗಿ ನಿಂತಿತು. ‘ಅಳಿಸ್ಲಾ?’

ಎಂಥ ದೊಡ್ಡ ಉಪಕಾರ! ಒಂದು ತಲೆಯಾಡಿಸುವಿಕೆ ಸಾಕಾಗಿತ್ತು, ಬಾಯಿ ತೆರೆಯುವ ಕಷ್ಟವೂ ಇರಲಿಲ್ಲ. ಆಗ ಗಾಜಿನಾಚೆಯಿಂದ ಅಪ್ಪನ ಧ್ವನಿ ಕೇಳಿಸಿತು. ‘ಒಂದು ಬಿಟ್ಟುಹೋಯ್ತು ಕಣೋ. ಆ ನೀಲಿ ಕಪ್. ಇನ್ನೊಂದ್ಸಲ ಹೇಳ್ಲಾ?’

ಅಪ್ಪ ಗಾಜಿನ ಮೂಲಕ ಅವನನ್ನೇ ನೋಡುತ್ತಿದ್ದರು, ತಪ್ಪು ಮಾಡಿದೆನೇನೋ ಎಂಬ ಅಳುಕಿನಿಂದ. ಆ ಅಳುಕನ್ನು ಅವನು ಸಹಿಸಲಾರದೆ ಹೋದ. ಅಳಿಸಿದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಿದರೆ ಆಮೆನ್‌ಗೆ, ಡ್ರಮ್ಮರಿಗೆ, ಕೈಹಿಡಿದು ಅತ್ತವಳಿಗೆ, ಹಣ್ಣಿನ ರಸದ ಹಿರಿಯರಿಗೆ, ಹದಿನೇಳು ವರ್ಷದ ಅಷ್ಟೂ ಜನಕ್ಕೆ ಹೇಳಬೇಕು. ಬರಿಗಾಲಲ್ಲಿ ನಿಲ್ಲುವುದೆಂದರೆ ಅದು. ಬೂಟಿನೊಳಗೆ ಅವನ ಬೆರಳುಗಳು ಮುದುಡಿಕೊಂಡವು. ಗುಂಡಿ ಒತ್ತಿದ. ‘ಹೇಳಪ್ಪ’ ಎಂದ. ಹೆಂಗಸು ಅವನ ಮುಖವನ್ನು ಒಂದು ಗಳಿಗೆ ನೋಡಿ, ಕೀಲಿಯ ಮೇಲಿಂದ ಬೆರಳು ತೆಗೆದಳು.

ಕೆಂಪು ದೀಪ. ಕುಡುಕ, ಬಾಗಿಲು, ವಾಸನೆ, ಮೇಜು. ಎಲ್ಲ ಮೊದಲಿನ ಹಾಗೇ ಬಂತು. ಕಪ್ಪಿನ ಹತ್ತಿರ ಬಂದಾಗ ಅಪ್ಪ ಯಾಕೋ ತಡೆದರು, ಕಣ್ಣು ತೆರೆದರು. ‘ಆ ನೀಲಿ ಕಪ್ ಒಡೆದಿದ್ದು ನಾನೇ’ ಎಂದರು. ‘ಕೈ ಜಾರ್ತು.’ ಹವಾಮಾನದ ಬಗ್ಗೆ ಹೇಳುವ ಹಾಗೆ, ಯಾವ ಏರಿಳಿತವೂ ಇಲ್ಲದೆ. ಅವನು ಕೂತಿದ್ದ ಕುರ್ಚಿ, ಗಾಜು, ಯಂತ್ರ ಎಲ್ಲ ದೂರ ಸರಿದು, ಮೇಜಿನ ಕೆಳಗಿನ ಕತ್ತಲು, ಚೂರುಗಳು, ಎದುರು ಬದುರಾಗಿ ನಿಂತ ಎರಡು ಜೊತೆ ಕಾಲುಗಳು ಕಂಡವು. ಅಪ್ಪಾ ಎಂದು ಕೂಗಬೇಕೆನಿಸಿತು.

‘ಅಯ್ಯೋ, ಜಾರ್ತು ಅಂದ್ಬಿಟ್ರಲ್ಲ’ ಎಂದ ಆಮೆನ್, ಮೂಗೊರೆಸಿಕೊಳ್ಳುತ್ತ. ‘ಗೋಡೆಗೆ ಎಸೆದಿದ್ದು ಅಲ್ವಾ ಬ್ರದರ್? ಜಾರಿದ್ರೆ ಅದರಲ್ಲಿ ಪಾಪ ಏನಿದೆ? ಅದೊಂದು ಸಾಲು ಸರಿ ಮಾಡಿಸಿ. ನೀವು ಹೇಳಿದ್ರೆ ಕೇಳ್ತಾರೆ.’

ಮೇಲೆ ಡ್ರಿಲ್ ಶುರುವಾಗಲಿ ಎಂದು ಅವನು ಕಾದ. ಶುರುವಾಗಲಿಲ್ಲ. ಹೆಂಗಸು ಸ್ವೆಟರನ್ನು ಮಡಚಿ ಚೀಲದೊಳಗೆ ಇಡುತ್ತಿದ್ದಳು. ಅವನ ಬೆರಳು ಗುಂಡಿಯನ್ನು ಒತ್ತಿತು.

‘ಅಪ್ಪ, ಕೈ ಜಾರ್ತು ಅಲ್ಲ’ ಎಂದ. ‘ಎಸೆದೆ ಅನ್ನು. ಗೋಡೆಗೆ.’

ಗಾಜಿನಾಚೆ ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು, ಟೈಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು.

‘ಹೌದೌದು, ಎಸೆದೆ’ ಎಂದರು. ‘ನನಗೆ ಮರೆತೇಹೋಗಿತ್ತು.’